ಎದುರುಗೂದಲು

ಮೇ ತಿಂಗಳಲ್ಲಿ ದೋಣಿಯ ಮೇಲೆ ನಿಂತೇ
ಕೈ ಚಾಚಿ ಕೊಂಬೆಗೆ ಕಟ್ಟಿದ ಕ್ಯಾಮೆರಾ
ಆಗಸ್ಟ್ ಬರುವಷ್ಟರಲ್ಲಿ ಆಕಾಶದಲ್ಲಿ.
ನಮ್ಮಲ್ಲಿ ಹೀಗೇ. ನದಿ ಕಾಡಿನೊಳಗೆ ನೆಂಟರಂತೆ ಬಂದು
ನಾಲ್ಕು ತಿಂಗಳು ಕೂತು, ಹೇಳದೆ ಎದ್ದು ಹೋಗುತ್ತದೆ,
ಬೊಡ್ಡೆಗಳ ಮೇಲೆ ಒಂದು ಕೆಸರುಗೆರೆ ಬಿಟ್ಟು,
ನನ್ನ ನೆತ್ತಿಯಿಂದ ಮೂರಾಳೆತ್ತರದಲ್ಲಿ.

ಹಗ್ಗ ಎಸೆದೆ. ಮೂರು ಸಲ ತಪ್ಪಿತು.
ಕೆಳಗೆ ಅಜ್ಜ, ಎರ್ಮೋಹೆನೆಸ್ ಮುರಾಯಾರಿ,
ಎಂಬತ್ತೊಂದು ವರ್ಷ, ಹರಿದ ರಬ್ಬರ್ ಬೂಟು,
ಹಗ್ಗದ ತುದಿ ಹಿಡಿದು
"ಬೆಕ್ಕು ಹತ್ತೋದನ್ನ ನೋಡಿಲ್ಲವೇನೇ ನೇಯ್ದಾ?" ಅಂತ ನಗುತ್ತಾನೆ.
ನೋಡಿಲ್ಲ. ಅದೇ ಅಲ್ಲವೇ ಕಷ್ಟ.
ಎರಡು ವರ್ಷದಿಂದ ನೋಡಿಲ್ಲ.

ಲೀಮಾದಿಂದ ಬರುವ ಡಾಕ್ಟರಮ್ಮ ಅದನ್ನು ಮಾರ್ಗೇ ಅನ್ನುತ್ತಾಳೆ,
ನಾವು ತಿಗ್ರಿಯೋ.
ಯಾವ ಹೆಸರು ಹಿಡಿದು ಕರೆದರೂ ಓಗೊಡದ್ದು.
ಹಿಂಗಾಲಿನ ಹರಡು ಹಿಂದುಮುಂದಾಗಿ ತಿರುಗುತ್ತದಂತೆ,
ಅಳಿಲಿನ ಹಾಗೆ ತಲೆಕೆಳಗಾಗಿ ಇಳಿಯುತ್ತದಂತೆ,
ಒಂದೇ ಕಾಲಲ್ಲಿ ಕೊಂಬೆ ಹಿಡಿದು
ಮಿಕ್ಕ ಮೈಯನ್ನು ಗಾಳಿಗೆ ಬಿಡುತ್ತದಂತೆ.
ಎಲ್ಲ ಅಂತೆ. ಅಂತೆಕಂತೆಯ ಬೆಕ್ಕು.

ಕಾರ್ಡು ಬಿಚ್ಚಿ ತಂದೆ.
ಲುಪೂನಾ ಮರದ ಬೇರಿನ ಮೇಲೆ ಕೂತು
ಫೋನಿಗೆ ಚುಚ್ಚಿದೆ. ಏನಿತ್ತು ಹೇಳುತ್ತೇನೆ:
ಗಾಳಿಗೆ ಅಲ್ಲಾಡಿದ ಎಲೆ, ಆರುನೂರು ಸಲ, ಅದೇ ಎಲೆ.
ಮಳೆ. ಮಳೆಯ ಹಿಂದೆ ಇನ್ನೊಂದು ಮಳೆ.
ಲೆನ್ಸಿನ ಮೇಲೆ ಮನೆ ಕಟ್ಟಲು ಅಳತೆ ಹಾಕಿದ ಕಣಜ.
ಒಂದು ಬಾಲ. ಬರೀ ಬಾಲ. ಉದ್ದ, ದಪ್ಪ,
ಚೌಕಟ್ಟಿನಿಂದ ಹೊರಗೆ ಹೋಗುತ್ತ,
ಯಾವ ಅವಸರವೂ ಇಲ್ಲದೆ.
ಮತ್ತೆ ಹನ್ನೊಂದು ದಿನ ಆ ಎಲೆ.

ಆಮೇಲೆ, ಜುಲೈ ಹದಿನೇಳು, ಬೆಳಗಿನ ಜಾವ ಮೂರೂವರೆ.

ಕೂತಿದೆ. ಬೆನ್ನು ನಮ್ಮ ಕಡೆ.
ಇರುಳಿನ ಬೂದುಬಣ್ಣದಲ್ಲಿ ಕಪ್ಪು ಉಂಗುರಗಳು
ಇನ್ನೂ ಒಣಗದ ಹಾಗೆ.
ಕೆಳಗೆ ಏನನ್ನೋ ಆಲಿಸುತ್ತ ಒಂದು ಕಿವಿ ಮಾತ್ರ ತಿರುಗಿದೆ.
ಮೈಯೆಲ್ಲ ಕಣ್ಣಾಗಿ ಕಾದೆ ಅನ್ನುತ್ತೇವಲ್ಲ,
ನಮಗೆ ಅದು ಮಾತು,
ಇದಕ್ಕೆ ತೊಗಲು.

ನನಗೆ ಕೂಗಬೇಕೆನಿಸಿತು. ಕೂಗಲಿಲ್ಲ.
ಫೋನು ಅಜ್ಜನ ಕೈಗಿಟ್ಟೆ.

ಅವನು ಅದರ ಮುಖ ಹುಡುಕಲಿಲ್ಲ.
ಕನ್ನಡಕ ಕೇಳಲಿಲ್ಲ.
ಹೆಬ್ಬೆರಳನ್ನು ಗಾಜಿನ ಮೇಲಿಟ್ಟು
ಭುಜದಿಂದ ಬಾಲದ ಕಡೆಗೆ ಸವರಿದ, ಮೆಲ್ಲಗೆ,
ಒಗೆದ ಬಟ್ಟೆಯ ಸುಕ್ಕು ತೆಗೆಯುವಂತೆ.
ಕತ್ತಿನ ಹತ್ತಿರ ಮಾತ್ರ
ಬೆರಳು ದಿಕ್ಕು ಬದಲಿಸಿತು:
ಹಿಂದಿನಿಂದ ಮುಂದಕ್ಕೆ, ನೆತ್ತಿಯ ಕಡೆಗೆ.

"ಇಲ್ಲಿ ಕೂದಲು ಎದುರು ಬೆಳೀತದೆ" ಅಂದ.
"ಚಾಕು ಹಾಕುವಾಗ ನೆನಪಿರಬೇಕು. ಇಲ್ಲದಿದ್ದರೆ
ಇಕಿಟೋಸಿನ ಸಾಹುಕಾರ ಎರಡನೇ ದರ್ಜೆಗೆ ಎಸೀತಿದ್ದ."
ಸ್ವಲ್ಪ ಹೊತ್ತು ಬಿಟ್ಟು,
"ನಾವೂ ಚೌಕಟ್ಟಿಗೇ ಕಟ್ತಿದ್ವಿ. ನಾಲ್ಕೂ ಕಾಲು ಎಳೆದು, ನೆರಳಲ್ಲಿ.
ಬಿಸಿಲಿಗಿಟ್ಟರೆ ಸೆಟೆದುಕೊಳ್ತದೆ."

ಡಾಕ್ಟರಮ್ಮನ ಪುಸ್ತಕದಲ್ಲಿ ಕತ್ತಿನ ಕೂದಲಿಗೆ ಅರ್ಧ ಸಾಲಿದೆ.
ನಾನು ಓದಿದ್ದೆ, ಪರೀಕ್ಷೆಗೆ ಓದಿದಂತೆ.
ಅವಳು ಮುಟ್ಟಿಲ್ಲ. ನಾನೂ ಮುಟ್ಟಿಲ್ಲ.
ಈ ನದಿಯ ಈ ತಿರುವಿನಲ್ಲಿ
ಇದನ್ನು ಬೆರಳಿನಿಂದ ಬಲ್ಲವನು
ಇವನೊಬ್ಬನೇ ಉಳಿದಿದ್ದಾನೆ.

ಎಷ್ಟು, ಅಜ್ಜ?

ಅವನು ಬೂಟಿನ ಕೆಸರು ಕೆರೆದ.
"ದೋಣಿಗೆ ಮೋಟಾರು ಒಂದು.
ಮಾಡಿಗೆ ತಗಡು ಹದಿನಾಲ್ಕು.
ನಿನ್ನಮ್ಮನ ಇಸ್ಕೂಲು ಮೂರು ವರ್ಷ.
ನಿನ್ನಜ್ಜಿಯ ಹಲ್ಲು."

ಅಂಗಿಯ ತುದಿಯಿಂದ ಗಾಜು ಒರೆಸಿ
ಫೋನು ಹಿಂದಕ್ಕೆ ಕೊಟ್ಟ.
ಪಶ್ಚಾತ್ತಾಪವೋ ಅಂತ ಮುಖ ನೋಡಿದೆ.
ಅವನು ಮರ ನೋಡುತ್ತಿದ್ದ.

"ಇದು ಸರಿಯಾದ ಕೊಂಬೆ ಅಲ್ಲ" ಅಂದ.
"ಆ ಕಡೆ, ಬಳ್ಳಿ ಇಳಿಬಿದ್ದ ಮರ ಇದೆಯಲ್ಲ, ಅದಕ್ಕೆ ಕಟ್ಟು.
ಹಣ್ಣು ಬಿದ್ದರೆ ಇಲಿ ಬರ್ತದೆ. ಇಲಿಯ ಹಿಂದೆ ಅದು.
ನಾನು ಅಲ್ಲೇ ಕೂರ್ತಿದ್ದೆ."

ಬಳ್ಳಿಯ ಮರದ ಕೆಳಗೆ ನಿಂತೆ.
ಎರಡು ಬೇರಿನ ನಡುವೆ
ಒಬ್ಬ ಮನುಷ್ಯ ಕೂರುವಷ್ಟು ಜಾಗ ಇತ್ತು.

ಹಗ್ಗ ಎಸೆದೆ.
ಈ ಸಲ ಒಂದೇ ಏಟಿಗೆ ಬಿತ್ತು.
ಅಜ್ಜ ನಗಲಿಲ್ಲ.